ಅಧ್ಯಕ್ಷರಿಲ್ಲದ ಕಂಪ್ಯೂಟರ್

ಕಮಿಟಿ ಎನ್ನುವುದೊಂದು ಇರುವ ಕಡೆ ನಗುವಿಗೆ ಬರ ಬಂದದ್ದನ್ನು ನಾನು ಕಂಡಿಲ್ಲ. ನಜರ್‌ಬಾದಿನಲ್ಲಿ ನಮ್ಮ ಸಮಾಜದವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ಗುಮಾಸ್ತ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ ಕಚೇರಿ ಬಾಗಿಲು ತೆಗೆದರೆ, ಸಂಜೆಯೊಳಗೆ ಅಧ್ಯಕ್ಷರೋ ಕಾರ್ಯದರ್ಶಿಯೋ ಖಜಾಂಚಿಯೋ ಏನಾದರೊಂದು ಮಾಡಿಯೇ ಮಾಡುವರು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದಾಗ ಒಂದು ಹಳೆಯ ಕಂಪ್ಯೂಟರಿನ ಸುತ್ತ ಈ ಮೂವರು ನಡೆಸಿದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ದುಃಖವಿಲ್ಲದ ಸಾವು

ಹಾಸ್ಟೆಲಿನ ಸೀಟಿಗೆ ಹಳ್ಳಿಗಳಿಂದ ಬಂದ ಅರ್ಜಿಗಳನ್ನೆಲ್ಲ ನಾನು ಅಂಕಗಳ ಕ್ರಮದಲ್ಲಿ ಟೈಪ್ ಮಾಡಿ ಮುಗಿಸಿದ್ದೆ. ಮಾರನೆಯ ದಿನ ಕಂಪ್ಯೂಟರ್ ಏಳಲಿಲ್ಲ. ಅಂಗಡಿಯವನು ಬಂದು ನೋಡಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು ಸಾರ್" ಅಂದ. ಅಳಿಸಿದರೆ ಪಟ್ಟಿ ಹೋಯಿತು. ಅರ್ಜಿಯ ಕಾಗದಗಳಾದರೂ ಇದ್ದವೇ? "ಇನ್ನು ಕಂಪ್ಯೂಟರ್ ಕಾಲ, ಕಾಗದ ಯಾಕೆ" ಎಂದು ಕಾರ್ಯದರ್ಶಿಗಳು ಅವನ್ನು ಸ್ನಾನದ ನೀರಿನ ಒಲೆಗೆ ಹಾಕಿಸಿಬಿಟ್ಟಿದ್ದರು. ಸೋಮವಾರದೊಳಗೆ ಪಟ್ಟಿ ಹೊರಬರದಿದ್ದರೆ ಸೀಟುಗಳೆಲ್ಲ ಶಿಫಾರಸಿನ ಚೀಟಿ ತಂದವರ ಪಾಲು.

ಅಧ್ಯಕ್ಷರಿಗೆ ಸುದ್ದಿ ಮುಟ್ಟಿಸಿದೆ. "ಛೆ, ಅನ್ಯಾಯ ಆಗೋಯ್ತು ಕಣ್ರೀ. ಎಲ್ಲಾ ಶಿವನಿಚ್ಛೆ" ಎಂದು ಕಣ್ಣೊರೆಸಿಕೊಂಡರು. ಅದೇ ಕೈಯನ್ನು ಜೇಬಿಗಿಳಿಸಿ ಏಳು ಚೀಟಿ ಹೊರಗೆ ತೆಗೆದರು.

೨. ಯಾರ ಪೈಕಿ

ಒಂಟಿಕೊಪ್ಪಲಿನ ನಿವೃತ್ತ ಗಣಿತದ ಮೇಡಂ ಒಬ್ಬರು ಭಾನುವಾರಗಳಂದು ನಮ್ಮ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ವಿಷಯ ತಿಳಿದು ಒಂದು ಸಿ.ಡಿ. ಹಿಡಿದು ಬಂದರು. "ಇದು ಲಿನಕ್ಸ್ ಅಂತ, ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರು. ಪುಕ್ಕಟೆ ಸಿಗುತ್ತೆ, ಹಳೇ ಮೆಷೀನಿಗೆ ಒಗ್ಗುತ್ತೆ. ನಿಮ್ಮ ಪಟ್ಟಿ ಮುಟ್ಟದೆ ಪಕ್ಕದಲ್ಲಿ ಇದನ್ನ ಹಾಕ್ತೀನಿ" ಅಂದರು. ಪುಕ್ಕಟೆ ಎಂದದ್ದೇ ತಡ, ಕಮಿಟಿ ಸಭೆ ಸೇರಿತು.

"ಮಾಡ್ದೋರು ಯಾರಮ್ಮ?" ಅಧ್ಯಕ್ಷರು ಕೇಳಿದರು.

"ಪ್ರಪಂಚದ ತುಂಬ ಇರೋ ಸಾವಿರಾರು ಜನ."

"ಯಾರ ಪೈಕಿ?" ಇದು ಖಜಾಂಚಿ.

"ಎಲ್ಲರ ಪೈಕೀನೂ."

ಖಜಾಂಚಿಗಳ ಮುಖ ಸಣ್ಣದಾಯಿತು. ಅಧ್ಯಕ್ಷರು ಬಿಡಲಿಲ್ಲ. "ಅವರಿಗೆ ಅಧ್ಯಕ್ಷರು ಯಾರು?"

"ನಿಮ್ಮ ಥರ ಯಾರೂ ಇಲ್ಲ. ಬರ್ತಾರೆ, ಕೆಲಸ ಮಾಡ್ತಾರೆ, ಹೋಗ್ತಾರೆ."

ಅಧ್ಯಕ್ಷರು ಶಲ್ಯ ಸರಿಮಾಡಿಕೊಂಡು ಕೇಳಿದರು: "ಮತ್ತೆ ಹಾರ ಯಾರಿಗೆ ಹಾಕ್ತಾರೆ?"

೩. ಹತ್ತೂವರೆ

ಶುಕ್ರವಾರ ಹತ್ತು ಗಂಟೆಗೆ ಮೇಡಂ ಕೆಲಸ ಶುರು ಮಾಡಿದರು. ಪರದೆಯ ಮೇಲೆ ಒಂದು ಪಟ್ಟೆ ನಿಧಾನವಾಗಿ ತುಂಬುತ್ತಿತ್ತು. ಅರ್ಧ ತುಂಬುವ ಹೊತ್ತಿಗೆ ಖಜಾಂಚಿಗಳು ಗಡಿಯಾರ ನೋಡಿ, ಎದ್ದು ಹೋಗಿ, ಪ್ಲಗ್ಗು ಕಿತ್ತರು. "ರಾಹುಕಾಲ ಬಂತು. ಹನ್ನೆರಡರ ಮೇಲೆ ಮುಂದುವರಿಸಿ."

ಅಲ್ಲಿಗೆ ಆದದ್ದೆಲ್ಲ ಹೋಯಿತು, ಮೊದಲಿನಿಂದ ಶುರು. ರಾಹುಕಾಲ ನಾನೂ ನೋಡುವವನೇ. ಶುಭಕಾರ್ಯ ತೊಡಗುವ ಮುಂಚೆ ನೋಡುತ್ತೇನೆ. ತೊಡಗಿದ್ದನ್ನು ನಡುವೆ ಕಿತ್ತುಹಾಕಿ ಎಂದು ಯಾವ ಪಂಚಾಂಗವೂ ಹೇಳಿಲ್ಲ.

ಮೇಡಂ ಮೆಲ್ಲಗೆ ಕೇಳಿದರು: "ಸಾರ್, ನಂಜನಗೂಡಿಗೆ ಹೋಗ್ತಾ ರಾಹುಕಾಲ ಬಂದ್ರೆ ಬಸ್ಸಿಂದ ಹಾರಿಬಿಡ್ತೀರಾ?"

"ಇಲ್ಲಮ್ಮ" ಅಂದರು ಖಜಾಂಚಿ, "ನಂಗೆ ಕಿಟಕಿ ಪಕ್ಕದ ಸೀಟು ಸಿಕ್ಕಿರುತ್ತಲ್ಲ."

೪. ಮೂರು ತುಂಡು

ಶನಿವಾರ ಕಂಪ್ಯೂಟರ್ ಎದ್ದು ಕೂತಿತು. "ಪೂರ್ತಿ ಅಧಿಕಾರ ಇರೋರು ಒಬ್ಬರು ಬೇಕು. ಅವರ ಪಾಸ್‌ವರ್ಡ್ ಕೇಳ್ತಿದೆ" ಅಂದರು ಮೇಡಂ. ಮೂರೂ ಕುರ್ಚಿಗಳು ಒಟ್ಟಿಗೆ ಮುಂದೆ ಸರಿದವು. ಒಂದು ಗಂಟೆ ಕೂಗಾಡಿ ರಾಜಿಯಾದರು: ಒಂದೇ ಪಾಸ್‌ವರ್ಡ್, ಮೂರು ತುಂಡು. ತಮ್ಮ ತಮ್ಮ ತುಂಡು ತಮ್ಮ ತಮ್ಮ ಹೊಟ್ಟೆಯಲ್ಲೇ ಇರಬೇಕು. ಒಬ್ಬರು ಶಲ್ಯ ಮುಚ್ಚಿಕೊಂಡು ಕೀಲಿ ಒತ್ತುವಾಗ ಇನ್ನಿಬ್ಬರು ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತರು.

ಎಲ್ಲ ಮುಗಿದ ಮೇಲೆ ಮೇಡಂ, "ಖಾತ್ರಿಗೆ ಇನ್ನೊಂದು ಸಲ ಕೇಳುತ್ತೆ" ಅಂದರು. ಮತ್ತೆ ಶಲ್ಯ, ಮತ್ತೆ ಗೋಡೆ. ಮಠದ ಗದ್ದುಗೆಯ ಮುಂದೆ ಕೂಡ ಈ ಮೂವರು ಅಷ್ಟು ಹೊತ್ತು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

೫. ಸರ್ವಾನುಮತ

ಭಾನುವಾರ, ಕಂಪ್ಯೂಟರಿನ ಉದ್ಘಾಟನೆಗೆ ಟೇಪು ಕತ್ತರಿಸುವವರು ಯಾರೆಂದು ಮೂವರಿಗೂ ಜಗಳವಾಯಿತು. ಸೋಮವಾರ ಬೆಳಿಗ್ಗೆ ಮೂವರಲ್ಲಿ ಯಾರೂ ಬರಲಿಲ್ಲ. ಗೇಟಿನ ಹತ್ತಿರ ತಗಡಿನ ಟ್ರಂಕು ಇಟ್ಟುಕೊಂಡು ಹುಡುಗಿಯರು, ಅವರ ಅಪ್ಪಂದಿರು. ಪಟ್ಟಿ ಕಂಪ್ಯೂಟರಿನೊಳಗೆ, ಬೀಗದ ಕೈ ಮೂರು ಮನೆಗಳಲ್ಲಿ. ನಾನು ಶಿವ ಶಿವಾ ಎಂದು ಮೇಡಂಗೆ ಫೋನ್ ಮಾಡಿದೆ.

"ಯಾಕೆ ಗಾಬರಿ? ನಿಮ್ಮ ಹೆಸರಲ್ಲೂ ಒಂದು ಬಾಗಿಲು ಇಟ್ಟು, ಪಟ್ಟೀನ ಅಲ್ಲೇ ಹಾಕಿದ್ದೀನಿ. ದಿನದ ಕೆಲಸಕ್ಕೆ ಅಷ್ಟು ಸಾಕು" ಎಂದು ನನ್ನ ಪಾಸ್‌ವರ್ಡ್ ಹೇಳಿದರು.

ಹತ್ತು ಗಂಟೆಗೆ ಪಟ್ಟಿ ಗೋಡೆಯ ಮೇಲಿತ್ತು, ಅಂಕಗಳ ಕ್ರಮದಲ್ಲಿ. ಹನ್ನೊಂದಕ್ಕೆ ಮೂವರೂ ಮೂರು ದಿಕ್ಕಿನಿಂದ ಬಂದು ಓದಿದರು. ಚೀಟಿಯವರ ಒಂದು ಹೆಸರೂ ಅದರಲ್ಲಿಲ್ಲ. ಅಷ್ಟರಲ್ಲಿ ಟ್ರಂಕುಗಳು ಆಗಲೇ ಮಹಡಿ ಹತ್ತಿದ್ದವು.

"ನಾವಿಲ್ದೆ ಇದು ಹೆಂಗ್ರೀ ನಡೀತು?" ಅಧ್ಯಕ್ಷರು ಕೇಳಿದರು.

"ದಿನದ ಕೆಲಸಕ್ಕೆ ತಾವು ಬೇಕಾಗಿಲ್ಲವಂತೆ, ಸ್ವಾಮಿ" ಅಂದೆ.

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡು ಅಲ್ಲೇ ತುರ್ತು ಸಭೆ ಸೇರಿದರು. ನನ್ನ ಸರ್ವೀಸಿನಲ್ಲಿ ಅವರು ಒಮ್ಮತದಿಂದ ಮಾಡಿದ್ದು ಅದೊಂದೇ ಠರಾವು, ನನ್ನ ಕೈಯಲ್ಲೇ ಬರೆಸಿದರು: "ಪದಾಧಿಕಾರಿಗಳು ಇಲ್ಲದಿರುವಾಗಲೂ ಕೆಲಸ ಮಾಡುತ್ತಿರುವುದು ಕಂಡುಬಂದಿರುವುದರಿಂದ, ಸದರಿ ಯಂತ್ರವನ್ನು ಕೂಡಲೇ ರಿಪೇರಿಗೆ ಕಳುಹಿಸತಕ್ಕದ್ದು."