ಕೈಬಿಟ್ಟದ್ದಕ್ಕೆ ಕಾರಣ

ಬೆಳಗ್ಗೆ ಒಂಬತ್ತಕ್ಕೆ ಹಸಿವು ತಾಳಲಾರದೆ ವೆನ್‌ಪಿನ್ ತಿಂದದ್ದು ಬರೀ ಒಂದು ಪೊಟ್ಟಣ ಜೋಳದ ಕುರುಕಲು. ಆದರೆ ಅದು ರೌಟರಿನ ನೆತ್ತಿಯ ಮೇಲಿಟ್ಟಿದ್ದ ಹಸಿರು ಪೊಟ್ಟಣ. ಶಿನ್‌ಚು ಊರಿನ ಯಂತ್ರದ ಕೋಣೆಗಳಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಅದಿದ್ದರೆ ಯಂತ್ರ ತೆಪ್ಪಗಿರುತ್ತದೆ, ಅದರ ದಿನಾಂಕ ಮೀರಿದರೆ ಮುನಿಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ಇವತ್ತೇ ಕೊನೆಯ ದಿನ, ಎಸೆಯುವ ಬದಲು ತಿಂದರೇನು ಎಂದು ಅವನ ಹೊಟ್ಟೆ ವಾದಿಸಿ ಗೆದ್ದಿತು. ಆಮೇಲೆ ಕೆಳಗಿನ ಅಂಗಡಿಗೆ ಓಡಿದರೆ ಹಸಿರು ಖಾಲಿ, ಹಳದಿ ಮಾತ್ರ ಇತ್ತು. ಹಳದಿ ಇಡುವುದೆಂದರೆ, ಎಚ್ಚರಿಕೆಯ ದೀಪ ಹಚ್ಚಿಕೋ ಎಂದು ಯಂತ್ರಕ್ಕೆ ನಾವೇ ಹೇಳಿಕೊಟ್ಟಂತೆ. ಹಾಗಾಗಿ ಜಾಗವನ್ನು ಖಾಲಿಯೇ ಬಿಟ್ಟ.

ಹತ್ತೂವರೆಗೆ ರೌಟರ್ ಪ್ಯಾಕೆಟ್‌ಗಳನ್ನು ಕೈಬಿಡತೊಡಗಿತು. ತಿಂಡಿಯ ಪ್ಯಾಕೆಟ್ ಅಲ್ಲ, ಜಾಲದಲ್ಲಿ ತುಣುಕು ತುಣುಕಾಗಿ ಹರಿಯುವ ಸಂದೇಶಗಳು. ನೂರಕ್ಕೊಂದು ಮಾಯ! ಯಂತ್ರದೊಳಗಿನ ಯಜಮಾನ ತಂತ್ರಾಂಶ ಕರ್ನಲ್, ಏಕೆ ಬಿಟ್ಟೆ ಎಂದು ಕೇಳಿದರೆ, "ಕಾರಣ ನಮೂದಿಸಿಲ್ಲ" ಎಂದಷ್ಟೇ ಬರೆಯುತ್ತಿತ್ತು. ಪರೀಕ್ಷೆಗೆಂದು ಇದೇ ರೌಟರಿಗೆ ಜೋಡಿಸಿಕೊಂಡಿದ್ದ ಗಿರಾಕಿಗಳ ಕರೆಗಳಿಗೆ ಕಚೇರಿಯ ಫೋನುಗಳು ಒಂದೇ ಸಮನೆ ಬಡಿದುಕೊಂಡವು.

"ಐದು ಗಂಟೆಗೆ ಎಲ್ಲಾ ಗಿರಾಕಿಗಳ್ಗೂ ವರದಿ ಹೋಗ್ಬೇಕು. ಕಾರಣ ಸಿಗ್ಲಿಲ್ವೋ, ನಾಳೆ ರಜೆ ಇಲ್ಲ ಕಣಯ್ಯಾ," ಎಂದರು ಮ್ಯಾನೇಜರ್ ಲಿಯಾವ್.

"ಸಾರ್, ನಾಳೆ ನನ್ನ ನಿಶ್ಚಿತಾರ್ಥ!"

"ಎರಡು ಸಲ ಮುಂದಕ್ಕೆ ಹಾಕಿದೀಯ. ಮೂರನೇದೇನು ಹೊಸದಾ?"

ಹೊಸದೇ ಆಗಿತ್ತು. ಮೂರನೇ ಸಲ ತಪ್ಪಿದರೆ ಬೇರೆ ಗಂಡು ನೋಡುತ್ತೇನೆಂದು ಹುಡುಗಿ ಯಾಚಿಯ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಅಷ್ಟರಲ್ಲಿ ಪಕ್ಕದ ಮೇಜಿನ ಶುಜೆನ್ ಅಕ್ಕ ಯಂತ್ರದ ಕೋಣೆಯಿಂದ ಕೂಗಿದಳು. "ಅಯ್ಯೋ, ಹಸಿರು ಪೊಟ್ಟಣಾನೇ ಇಲ್ವಲ್ರೋ! ಯಾವನೋ ನುಂಗಿದಾನೆ. ಇನ್ನು ಅದು ಪ್ಯಾಕೆಟ್ ಬಿಡ್ದೆ ಏನು ಮಾಡತ್ತೆ?"

ಕಚೇರಿಯೇ ಎದ್ದು ನಿಂತಿತು. ಶುಜೆನ್ ಅಕ್ಕ ಒಬ್ಬೊಬ್ಬರ ಬಾಯಿ ಮೂಸುತ್ತಾ ಬಂದಳು. ಕಾವಲುಗಾರ ಊದುಬತ್ತಿ ತಂದ. ಹೊಗೆಗೆ ಬೆಂಕಿಯ ಗಂಟೆ ಹೊಡೆದುಕೊಂಡು, ಎಲ್ಲರೂ ಏಳು ಮಹಡಿ ಇಳಿದು ಮತ್ತೆ ಹತ್ತಿದರು. ಅದಕ್ಕೇ ಒಂದು ಗಂಟೆ ಹೋಯಿತು.

ವೆನ್‌ಪಿನ್ ತುಟಿ ಬಿಗಿದುಕೊಂಡು ಕೂತ. ಮಧ್ಯಾಹ್ನ ಊಟಕ್ಕೂ ಬಾಯಿ ತೆರೆಯಲಿಲ್ಲ. ಕರ್ನಲ್ ಎಲ್ಲೆಲ್ಲಿ ಪ್ಯಾಕೆಟ್ ಬಿಡಬಹುದೋ ಅಲ್ಲೆಲ್ಲ, ಬಿಡುವ ಮುನ್ನ ಕಾರಣ ಬರೆಯುವಂತೆ ಒಂದೊಂದೇ ಸಾಲು ಸೇರಿಸುತ್ತಾ ಹೋದ. ಈ ಕರ್ನಲ್ "ವೆನ್‌ಪಿನ್ ತಿಂದ" ಎಂದು ಬರೆದುಬಿಟ್ಟರೆ ಗತಿಯೇನು ಎಂಬ ಹುಚ್ಚು ಭಯವೂ ನಡುನಡುವೆ ಅವನನ್ನು ಕಾಡಿತು.

ನಾಲ್ಕೂವರೆಗೆ ತೆರೆಯ ಮೇಲೆ ಕಾರಣ ಮೂಡಿತು: ಬೇಕೆಂದೇ ನೂರಕ್ಕೊಂದು ಬಿಡುವ ನಿಯಮ. ಹಾಕಿದ್ದು ಇಂದು ಹತ್ತು ಇಪ್ಪತ್ತೈದಕ್ಕೆ. ಹಾಕಿದವರು ಲಿಯಾವ್.

ವೆನ್‌ಪಿನ್ ಕುಣಿಯುತ್ತಾ ಓಡಿದ. ಓದಿದ ಲಿಯಾವ್ ಬಾಗಿಲು ಮುಚ್ಚಿದರು.

"ಬೆಳಗ್ಗೆ ಯಾರೋ ನೋಡೋಕೆ ಬಂದಿದ್ರು, ಪ್ಯಾಕೆಟ್ ಕಳೆದ್ರೂ ಯಂತ್ರ ಹೇಗೆ ತಾಳತ್ತೆ ಅಂತ ತೋರ್ಸೋಕೆ ಹಾಕಿದ್ದೆ. ತೆಗೆಯೋದು ಮರ್ತೆ. ಈಗ ತೆಗೀತೀನಿ." ಅವರ ದನಿ ಇಳಿದಿತ್ತು. "ಆದ್ರೆ ವರದಿಗೆ ಈ ಕಾರಣ ಬೇಡಪ್ಪಾ. ಬೇರೆ ಏನಾದ್ರೂ ಇಲ್ವಾ?"

ಗಡಿಯಾರ ನಾಲ್ಕು ಮುಕ್ಕಾಲು ತೋರಿಸುತ್ತಿತ್ತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡು ವೆನ್‌ಪಿನ್ ಬಾಯಿ ಬಿಟ್ಟ. "ಸಾರ್... ಪೊಟ್ಟಣ ತಿಂದಿದ್ದು ನಾನೇ."

"ನೀನಾ?" ಲಿಯಾವ್ ಅವನನ್ನು ತಬ್ಬಿಕೊಂಡೇ ಬಿಟ್ಟರು. "ಮೊದ್ಲೇ ಹೇಳ್ಬಾರ್ದಾ! ಇದನ್ನ ಯಾವ ಗಿರಾಕಿ ಬೇಕಾದ್ರೂ ಒಪ್ತಾನೆ. ಹೋಗು, ರಜೆ ಮಂಜೂರು!"

ಐದಕ್ಕೆ ಸರಿಯಾಗಿ, ಅವನ ಪೂರ್ಣ ಹೆಸರಿನ ಸಮೇತ ವರದಿ ಹೊರಟಿತು. ಗಿರಾಕಿಗಳೆಲ್ಲ ನಿಜಕ್ಕೂ ಒಪ್ಪಿದರು. ಶುಜೆನ್ ಅಕ್ಕ ಮಾತು ಬಿಟ್ಟಳು. ಅದಕ್ಕೇನಂತೆ, ನಾಳೆ ನಿಶ್ಚಿತಾರ್ಥ! ವೆನ್‌ಪಿನ್ ಹೊಸ ಅಂಗಿಗೆ ಇಸ್ತ್ರಿ ಹಾಕಿಸಲು ಹೊರಟ.

ಮೆಟ್ಟಿಲ ಮೇಲೆ ಯಾಚಿಯ ಫೋನು ಬಂತು. ಅವಳು ಅಳುತ್ತಿದ್ದಳು.

"ಅಲ್ರೀ, ನಿಮ್ಮ ಗಿರಾಕಿಗಳಲ್ಲಿ ನಮ್ಮಪ್ಪನ ಬ್ಯಾಂಕೂ ಇದೆ ಅಂತ ನಿಮಗೆ ಗೊತ್ತಿರ್ಲಿಲ್ವಾ? ಮೂವತ್ತು ವರ್ಷದಿಂದ ಅಲ್ಲಿ ಯಂತ್ರದ ಕೋಣೆ ಕಾಯ್ತಿರೋದೇ ಅವರು."

"ಏನಂದ್ರು?" ಎಂದ ವೆನ್‌ಪಿನ್.

"ಬರೆದು ಕೊಟ್ಟಿದಾರೆ, ಓದ್ತೀನಿ ಕೇಳಿ. 'ಈ ಸಂಬಂಧ ಕೈಬಿಟ್ಟಿದ್ದೇವೆ. ಕಾರಣ ನಿಮ್ಮ ವರದಿಯಲ್ಲೇ ಇದೆ.'"