ಮಾವನವರ ಬಾರ್ಬೆಕ್ಯೂ

ಫೋನು ಬಂದಾಗ ಗ್ರಂಥಪಾಲಕ ಇನ್ನೂ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡು ಕೂತಿದ್ದ. ಆ ಕಡೆಯಿಂದ ಮಾವನ ದನಿ.

"ಸಾಯಂಕಾಲ ಐದಕ್ಕೆ ಬರ್ತೀವಿ. ನಮ್ಮ ಬಾರ್ಬೆಕ್ಯೂ ತಗೊಂಡು ಹೋಗೋಕೆ. ಇದೆ ತಾನೇ?"

"ಇದೆ ಮಾವ."

"ಇದೆ ಅಂದ್ರೆ? ಒಂದೇ ತುಂಡಾಗಿದೆಯೋ?"

"ಒಂದೇ ತುಂಡು ಮಾವ."

ಅದು ಸುಳ್ಳಲ್ಲ. ಮುಚ್ಚಳ, ಜಾಲರಿ, ತಟ್ಟೆ ಎಲ್ಲವೂ ಜಿಡ್ಡಿನಲ್ಲಿ ಅಂಟಿಕೊಂಡು ನಿಜಕ್ಕೂ ಒಂದೇ ತುಂಡಾಗಿದ್ದವು.

ಸೂಟ್‌ಕೇಸಿನಷ್ಟು ಗಾತ್ರದ, ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಗ್ಯಾಸ್ ಬಾರ್ಬೆಕ್ಯೂ ಅದು. ಮೂರು ವಾರದ ಹಿಂದೆ ಸಹೋದ್ಯೋಗಿಗಳಿಗೆ ಊಟ ಹಾಕಬೇಕೆಂದು ಮಾವನ ಮನೆಯಿಂದ ತಂದಿದ್ದ. ಕೋಳಿ, ಆಲೂಗಡ್ಡೆ, ಈರುಳ್ಳಿ ಎಲ್ಲ ಹದವಾಗಿ ಬೆಂದು, ಬಂದವರು ಬೆರಳು ಚೀಪಿಕೊಂಡು ಹೋದರು. 'ನಾಳೆ ತೊಳೆದರಾಯಿತು' ಎಂದು ಗ್ರಂಥಪಾಲಕ ಅದನ್ನು ಬಾಲ್ಕನಿಗೆ ತಳ್ಳಿದ. ಆ ನಾಳೆ ಇಪ್ಪತ್ತೊಂದು ದಿನದಿಂದ ಬಾಲ್ಕನಿಯಲ್ಲೇ ಬಿದ್ದುಕೊಂಡಿತ್ತು.

ಕೆಲಸಕ್ಕೆ ಹೊರಟಿದ್ದ ಹೆಂಡತಿ ಬಾಗಿಲಲ್ಲಿ ನಿಂತಳು.

"ಬರೋ ತಿಂಗಳು ನನ್ನ ತಮ್ಮನ ಮದುವೆ. ಅಪ್ಪ ನಿಮ್ಮನ್ನ ಜನಕ್ಕೆ ಹೇಗೆ ಪರಿಚಯ ಮಾಡಿಸ್ತಾರೆ ಅಂತ ಗೊತ್ತಲ್ಲ?"

ಗೊತ್ತಿತ್ತು. ಏಳು ವರ್ಷದಿಂದ ಮಾವ ಬಳಸುತ್ತಿದ್ದದ್ದು ಒಂದೇ ಮಾತು: 'ಇವನು ನಮ್ಮ ಅಳಿಯ. ಇವನ ಕೈಗೆ ಏನೂ ಕೊಡಬೇಡಿ.'

"ಇದೊಂದು ಸಲ ನಾನು ತಲೆ ಎತ್ತಿಕೊಂಡು ಓಡಾಡೋ ಹಾಗೆ ಮಾಡಿ," ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಮೆತ್ತಗೆ ಹೇಳಿದ್ದಕ್ಕೇ ಎದೆಯಲ್ಲಿ ಚುಚ್ಚಿದಂತಾಯಿತು.

ಗ್ರಂಥಾಲಯಕ್ಕೆ ಅವತ್ತು ವಾರದ ರಜೆ. ಅವನು ಬಾರ್ಬೆಕ್ಯೂವನ್ನು ತಬ್ಬಿಕೊಂಡು ಮೂರು ಮಹಡಿ ಇಳಿದು, ಕಟ್ಟಡದ ಹಿಂದಿನ ಅಂಗಳದಲ್ಲಿ ನಲ್ಲಿಯ ಪಕ್ಕ ಇಟ್ಟ. ಮುಚ್ಚಳ ಏಳಲಿಲ್ಲ. ಮಂಡಿಗಳ ನಡುವೆ ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದ. ಅದು ಸೀಸೆಯ ಬಿರಡೆಯಂತೆ 'ಪಟಾರ್' ಎಂದು ಬಿಟ್ಟುಕೊಂಡಾಗ ಅವನು ಹಿಂದಕ್ಕೆ ಬಿದ್ದ. ಬಿದ್ದಲ್ಲಿಗೇ ವಾಸನೆ ಬಂತು. ಒಳಗೆ ಮೂರು ವಾರದ ಕೊಬ್ಬು ಹಳೇ ಮೇಣದಂತೆ ಹೆಪ್ಪುಗಟ್ಟಿತ್ತು. ಅದರ ನಡುವೆ ಒಂದು ಅರ್ಧ ಆಲೂಗಡ್ಡೆ ಗಡ್ಡ ಬಿಟ್ಟುಕೊಂಡು ಕೂತಿತ್ತು.

ಅವನು ಬಕೆಟ್ಟಿಗೆ ನೀರು ಬಿಟ್ಟ.

"ನಿಲ್ಲಿ! ನೀರು ಹಾಕಬೇಡಿ!"

ನೆಲಮಹಡಿಯ ಡ್ರೈವಿಂಗ್ ಮೇಷ್ಟ್ರು ಮಡಿಸುವ ಕುರ್ಚಿ ಹಿಡಿದುಕೊಂಡು ಬಂದೇಬಿಟ್ಟರು. ನಿವೃತ್ತರಾಗಿ ಐದು ವರ್ಷವಾದರೂ, ಯಾರು ಏನೇ ಮಾಡುತ್ತಿರಲಿ, ಪಕ್ಕದಲ್ಲಿ ಕೂತು ಬ್ರೇಕ್ ಒತ್ತುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ.

"ಮೊದಲು ಸಿಲಿಂಡರ್ ಸಿಕ್ಕಿಸಿ. ಬೆಂಕಿ ಜೋರು ಮಾಡಿ ಮುಚ್ಚಳ ಮುಚ್ಚಿ. ಕಾಲು ಗಂಟೆ ಬಿಟ್ಟರೆ ಜಾಲರಿ ಮೇಲಿನ ಕೊಳೆಯೆಲ್ಲ ಬೂದಿ. ಬಿಸಿ ಇರೋವಾಗಲೇ ಬ್ರಷ್ ಹಾಕಿದರೆ ಕನ್ನಡಿ!"

ಮಾತು ಸರಿಯಾಗಿಯೇ ಇತ್ತು. ಹೊತ್ತಿಸುವ ಮೊದಲು ಅಡಿಯ ತಟ್ಟೆಯಲ್ಲಿದ್ದ ಜಿಡ್ಡನ್ನು ಚೆಲ್ಲಬೇಕು ಎನ್ನುವುದೊಂದು ಮಾತ್ರ ಮೇಷ್ಟ್ರ ಪಾಠದಲ್ಲಿ ಬಿಟ್ಟುಹೋಗಿತ್ತು.

ಐದು ನಿಮಿಷ ಎಲ್ಲ ಸೊಗಸಾಗಿತ್ತು. ಆರನೆಯ ನಿಮಿಷಕ್ಕೆ ಅಡಿಯಿಂದ ಬುಸುಗುಟ್ಟುವ ಸದ್ದು ಬಂತು. ಏಳನೆಯ ನಿಮಿಷಕ್ಕೆ ಬಾರ್ಬೆಕ್ಯೂ ಹಳೇ ಕಾಲದ ಉಗಿಬಂಡಿಯಂತೆ ಎರಡೂ ಕಡೆಯಿಂದ ಕಪ್ಪು ಹೊಗೆ ಉಗುಳತೊಡಗಿತು. ಏನಾಯಿತೆಂದು ಗ್ರಂಥಪಾಲಕ ಬಗ್ಗಿ ನೋಡಿದ. ಬೆಂಕಿಯ ನಾಲಗೆಯೊಂದು ಹೊರಗೆ ಚಾಚಿ, ಅವನ ಮೀಸೆಯ ಎಡಭಾಗವನ್ನು ನೆಕ್ಕಿಕೊಂಡು ಒಳಗೆ ಹೋಯಿತು.

"ಬ್ರೇಕ್! ಬ್ರೇಕ್!" ಎಂದು ಮೇಷ್ಟ್ರು ಕಿರುಚಿದರು.

ಗ್ರಂಥಪಾಲಕ ಒಂದು ಕ್ಷಣ ನಿಜವಾಗಿಯೂ ಬ್ರೇಕ್ ಹುಡುಕಿದ. ಆಮೇಲೆ ಗ್ಯಾಸ್ ಆರಿಸಿ, ಪಕ್ಕದ ಹೂಕುಂಡವನ್ನು ಗಿಡದ ಸಮೇತ ಎತ್ತಿ ತಟ್ಟೆಯ ಮೇಲೆ ಕವುಚಿದ. ಬೆಂಕಿ ಆರಿತು. ಹೊಗೆ ಮಾತ್ರ ನಿಧಾನವಾಗಿ ಮೇಲೆದ್ದು, ಹಗ್ಗದ ಮೇಲೆ ಒಣಗುತ್ತಿದ್ದ ಐದು ಬಿಳಿ ಕೋಟುಗಳನ್ನು ಒಂದೊಂದಾಗಿ ಅಪ್ಪಿಕೊಂಡು ಮುಂದಕ್ಕೆ ಸಾಗಿತು.

ಅವು ಮೊದಲ ಮಹಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ದಂತವೈದ್ಯರ ಕೋಟುಗಳು. ಬಾಯಿ ತೆರೆದ ರೋಗಿಯೊಬ್ಬನನ್ನು ಕುರ್ಚಿಯಲ್ಲೇ ಬಿಟ್ಟು ಅವರು ಕೈಗವಸಿನಲ್ಲೇ ಓಡಿ ಬಂದರು. ಬೈಯಲೆಂದೇ ಬಂದವರು. ಕೋಟುಗಳನ್ನು ನೋಡಿದರು, ಗ್ರಂಥಪಾಲಕನ ಅರ್ಧ ಮೀಸೆಯನ್ನು ನೋಡಿದರು, ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ಬಾರ್ಬೆಕ್ಯೂವಿನೊಳಗಿನ ಉರಿಯ ಕೊಳವೆಯ ಮೇಲೆ ಬಿತ್ತು. ಸಾಲು ಸಾಲಾಗಿ ಸಣ್ಣ ತೂತುಗಳು. ಅರ್ಧಕ್ಕರ್ಧ ಕಪ್ಪಗೆ ಮುಚ್ಚಿಹೋಗಿದ್ದವು.

"ಅಯ್ಯೋ ಪಾಪ," ಅಂದರು ವೈದ್ಯರು. ಕರಗಿದ ದನಿ. "ಎಷ್ಟು ದಿನದಿಂದ ಹೀಗಿದೆ?"

"ಮೂರು ವಾರ ಡಾಕ್ಟ್ರೇ."

"ಮೊದಲೇ ಯಾಕೆ ಕರಕೊಂಡು ಬರಲಿಲ್ಲ?"

ಹತ್ತು ನಿಮಿಷದಲ್ಲಿ ರೋಗಿಯನ್ನು ಸಾಗಹಾಕಿ, ತಟ್ಟೆ ತುಂಬ ಸಣ್ಣ ಸಣ್ಣ ಸಲಕರಣೆ ಹೊತ್ತು ಅವರು ಮತ್ತೆ ಇಳಿದರು. ಗ್ರಂಥಪಾಲಕ ನಾಲ್ಕು ಸ್ಕ್ರೂ ಬಿಚ್ಚಿ ನೆಲದ ಮೇಲೆ ಜೋಡಿಸಿ, ಕೊಳವೆಯನ್ನು ಹೊರಗೆ ತೆಗೆದ. ಜಾಲರಿ, ತಟ್ಟೆ, ತಗಡು ಬಿಸಿನೀರು ಸೋಪಿನಲ್ಲಿ ನೆನೆದವು. ಮೇಷ್ಟ್ರು ತಂತಿಬ್ರಷ್ ಹಿಡಿದು ಜಾಲರಿಯನ್ನು ಎಡಕ್ಕೆ ಬಲಕ್ಕೆ ಉಜ್ಜಿದರು. ವೈದ್ಯರು ಕೊಕ್ಕೆಯಂಥ ಕಡ್ಡಿಯಿಂದ ಒಂದೊಂದೇ ತೂತು ಬಿಡಿಸಿದರು. "ಸ್ವಲ್ಪ ನೋವಾಗಬಹುದು," ಎಂದು ಅಭ್ಯಾಸಬಲದಿಂದ ಕೊಳವೆಗೆ ಎರಡು ಸಲ ಹೇಳಿದರು.

ಹನ್ನೊಂದನೆಯ ತೂತು ಮುಗಿಸಿ, ಬೆಂಕಿ ತಾಗದ ಕೊಳವೆಯ ಹಿಂದಿನ ಬಾಯಿಗೆ ಕಡ್ಡಿ ಹಾಕಿದಾಗ ಅವರ ಕೈ ನಿಂತಿತು.

"ಒಳಗೆ ಯಾರೋ ಇದ್ದಾರೆ."

ಕಡ್ಡಿಯ ತುದಿಗೆ ಬಿಳಿ ಬಲೆ ಸುತ್ತಿಕೊಂಡು ಬಂತು. ಬಲೆಯ ಹಿಂದೆಯೇ ಅದರ ಯಜಮಾನ, ಎಂಟು ಕಾಲಿನ ಜೇಡ. ಅದು ಮೇಷ್ಟ್ರ ಮೊಣಕೈ ಮೇಲೆ ಹಾರಿತು. ಸಾವಿರಾರು ಜನರಿಗೆ ಗಾಬರಿ ಬೀಳಬೇಡಿ ಎಂದು ಕಲಿಸಿದ್ದ ಮೇಷ್ಟ್ರು ಕುರ್ಚಿಯ ಮೇಲೆ ಹತ್ತಿದರು. ಕುರ್ಚಿ ಮಡಿಚಿಕೊಂಡಿತು. ಮೇಷ್ಟ್ರು ಸ್ಕ್ರೂಗಳ ಮೇಲೆ ಬಿದ್ದರು.

ಮುಂದಿನ ಅರ್ಧ ಗಂಟೆ ಮೂವರು ದೊಡ್ಡ ಮನುಷ್ಯರು ಅಂಗಳದಲ್ಲಿ ಅಂಬೆಗಾಲಿಟ್ಟರು. ಕಳೆದದ್ದು ನಾಲ್ಕು ಸ್ಕ್ರೂ, ಸಿಕ್ಕಿದ್ದು ಐದು.

"ಹೆಚ್ಚಿದ್ದರೆ ಒಳ್ಳೇದೇ," ಅಂದರು ವೈದ್ಯರು.

ಐದನೆಯದು ಎಲ್ಲಿಯದೆಂದು ಮೇಷ್ಟ್ರು ಮತ್ತೆ ಕುರ್ಚಿಯ ಮೇಲೆ ಕೂತಾಗ ಎಲ್ಲರಿಗೂ ಗೊತ್ತಾಯಿತು.

ನಾಲ್ಕು ಗಂಟೆಗೆ ಎಲ್ಲ ಒಣಗಿ, ಒರೆಸಿ, ಜೋಡಣೆ ಮುಗಿಯಿತು. ಜಾಲರಿಗೆ ಬಟ್ಟೆಯಿಂದ ತೆಳ್ಳಗೆ ಎಣ್ಣೆ ಸವರಿದ್ದಾಯಿತು. ಗ್ಯಾಸಿನ ಪೈಪಿನ ಮೇಲೆ ಸೋಪಿನ ನೀರು ಹಚ್ಚಿ ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಗ್ರಂಥಪಾಲಕ ಮುಖ ಆಚೆ ತಿರುಗಿಸಿ ಗುಂಡಿ ತಿರುವಿದ.

ನೀಲಿ ಉರಿ. ಒಂದು ತೂತೂ ಬಿಡದೆ, ಶಾಲೆಯ ಮಕ್ಕಳು ಸಾಲಾಗಿ ನಿಂತಹಾಗೆ.

ಮೇಷ್ಟ್ರು ಚಪ್ಪಾಳೆ ಹೊಡೆದರು. ವೈದ್ಯರ ಕಣ್ಣಲ್ಲಿ ನೀರು ಬಂತು, ಹೊಗೆ ಎಂದರು. ಗ್ರಂಥಪಾಲಕ ಅಲ್ಲೇ ನೆಲದ ಮೇಲೆ ಕೂತು ಆ ಉರಿಯನ್ನೇ ನೋಡಿದ. ತನ್ನ ಕೈಯಿಂದ ಒಂದು ವಸ್ತು ಮೊದಲಿಗಿಂತ ಚೆನ್ನಾಗಿ ಹೊರಬಂದದ್ದು ಅವನ ನೆನಪಿನಲ್ಲಿ ಇದೇ ಮೊದಲು.

ಐದು ಹೊಡೆಯಲು ಎರಡು ನಿಮಿಷ ಇರುವಾಗ ಮಾವ ಬಂದರು. ಹಿಂದೆ ಅತ್ತೆ, ಕೈಚೀಲ ಹಿಡಿದುಕೊಂಡು. ಮಾವ ರೈಲ್ವೆಯಲ್ಲಿ ಮೂವತ್ತು ವರ್ಷ ಬೋಗಿಗಳ ತಪಾಸಣೆ ಮಾಡಿದವರು. ನಡುಮನೆಯ ಮೇಜಿನ ಮೇಲಿದ್ದ ಬಾರ್ಬೆಕ್ಯೂವಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಜೇಬಿನಿಂದ ಬಿಳಿ ಕರ್ಚೀಫು ತೆಗೆದು ಮುಚ್ಚಳದ ಒಳಗೆ, ಜಾಲರಿಯ ಸಂದಿಯಲ್ಲಿ, ತಟ್ಟೆಯ ಅಡಿಯಲ್ಲಿ ಎಳೆದರು. ಕರ್ಚೀಫನ್ನು ಬೆಳಕಿಗೆ ಹಿಡಿದರು.

ಬೆಳ್ಳಗೇ ಇತ್ತು.

"ಅಳಿಯಂದ್ರೇ," ಅಂದರು ಮಾವ. ಏಳು ವರ್ಷದಲ್ಲಿ ಅವರು ಹಾಗೆ ಕರೆದದ್ದು ಅದೇ ಮೊದಲು. "ನಾನು ಅಂಗಡಿಯಿಂದ ತಂದ ದಿನವೂ ಇದು ಹೀಗಿರಲಿಲ್ಲ. ನಾನಂತೂ ಇದನ್ನ ನಿಮಗೆ ಕೊಡೋದೇ ಬೇಡ ಅಂತ ಇದ್ದೆ. ನಿಮ್ಮತ್ತೇನೇ ಹಟ ಹಿಡಿದು ಕೊಡಿಸಿದಳು. ನೋಡಿ, ಎಂಥಾ ನಂಬಿಕೆ ಅವಳಿಗೆ ನಿಮ್ಮ ಮೇಲೆ!"

ಇಷ್ಟು ಹೇಳಿ, ತಳದಲ್ಲಿ ಹಾಕಿದ್ದ ಸ್ಕ್ರೂಗಳ ಬಿಗಿ ನೋಡಿ ತಲೆದೂಗಿ, ಮೇಷ್ಟ್ರು, ವೈದ್ಯರು ಸಹಾಯ ಮಾಡಿದರೆಂದು ಅಳಿಯನಿಂದ ತಿಳಿದು, ಅವರ ಕೈ ಕುಲುಕಿ ಬರುತ್ತೇನೆಂದು ಮಾವ ಕೆಳಗೆ ಇಳಿದರು.

ಗ್ರಂಥಪಾಲಕ ಅರ್ಧ ಮೀಸೆಯಲ್ಲೇ ಪೂರ್ತಿ ನಗುತ್ತ ಅತ್ತೆಯ ಕಡೆ ತಿರುಗಿದ. ಅತ್ತೆಯ ಮುಖ ಸೊರಗಿಹೋಗಿತ್ತು.

"ಏನು ಮಾಡಿಬಿಟ್ರಿ ನೀವು," ಅಂದರು ಮೆಲ್ಲಗೆ.

"ಯಾಕೆ ಅತ್ತೆ? ಚೆನ್ನಾಗಿಲ್ವಾ?"

"ಚೆನ್ನಾಗಿರೋದೇ ತೊಂದರೆ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಇದೇ ಗೋಳು. ಕತ್ತರಿಸೋಳು ನಾನು, ಮಸಾಲೆ ಹಚ್ಚೋಳು ನಾನು, ಹೊಗೆ ಕುಡಿಯೋಳು ನಾನು, ಆಮೇಲೆ ಉಜ್ಜೋಳೂ ನಾನು. ಅವರು ಪಕ್ಕದಲ್ಲಿ ಕೈಕಟ್ಟಿ ನಿಂತು 'ತಿರುವು, ತಿರುವು' ಅಂತಾರೆ. ಬಿಸಾಕೋಣ ಅಂದರೆ ಕೇಳಲ್ಲ. ಯೋಚನೆ ಮಾಡಿ ಮಾಡಿ ಕಡೆಗೆ ನಿಮ್ಮ ಕೈಗೆ ಕೊಡಿಸಿದೆ. ಏಣಿ ಕೊಟ್ಟರೆ ಎರಡಾಗಿ ಬಂತು. ಛತ್ರಿ ಕೊಟ್ಟರೆ ಬರೀ ಕಡ್ಡಿ ಬಂತು. ಇಸ್ತ್ರಿಪೆಟ್ಟಿಗೆ ಬರಲೇ ಇಲ್ಲ. ಇಡೀ ವಂಶದಲ್ಲಿ ನಿಮ್ಮೊಬ್ಬರನ್ನೇ ನಂಬಿಕೊಂಡಿದ್ದೆ ಅಳಿಯಂದ್ರೇ!"

ಗ್ರಂಥಪಾಲಕ ಉಳಿದರ್ಧ ಮೀಸೆಯನ್ನು ಸವರಿಕೊಂಡ. "ತಪ್ಪಾಯ್ತು ಅತ್ತೆ," ಅಂದ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮಾವ ಉಬ್ಬಿದ ಎದೆಯಲ್ಲಿ ಒಳಗೆ ಬಂದರು.

"ತೀರ್ಮಾನ ಮಾಡಿದೆ. ಇದು ಇಲ್ಲೇ ಇರಲಿ. ಕೈಗುಣ ಇರೋ ಕಡೆ ಇರೋದೇ ಸರಿ. ಇನ್ಮೇಲೆ ಪ್ರತಿ ಭಾನುವಾರ ಒಂಬತ್ತಕ್ಕೆ ನಾವೆಲ್ಲ ಇಲ್ಲಿಗೇ ಬರ್ತೀವಿ. ಮೇಷ್ಟ್ರನ್ನೂ ಡಾಕ್ಟರನ್ನೂ ಕರೆದಾಯ್ತು, ಮನೆಮಂದಿ ಸಮೇತ. ಕತ್ತರಿಸಿ ಮಸಾಲೆ ಹಚ್ಚಿ ತರೋದು ನಿಮ್ಮತ್ತೆ, ಸುಡೋದು ನೀವು, ತೊಳೆಯೋದು ನೀವು. ನಾನು ಪಕ್ಕದಲ್ಲೇ ನಿಂತು ಹೇಳಿಕೊಡ್ತೀನಿ."

ಅವರು ಇಳಿದು ಹೋದರು. ಅತ್ತೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ನಡೆದು, ಗಂಡ ದೂರ ಹೋದದ್ದನ್ನು ಖಾತ್ರಿ ಮಾಡಿಕೊಂಡು, ತಿರುಗಿ ನಿಂತರು.

"ಭಾನುವಾರಕ್ಕೆ ಇನ್ನೂ ಮೂರು ದಿನ ಇದೆ," ಎಂದು ಪಿಸುಗುಟ್ಟಿದರು. "ಈ ಸಲ ಯಾರ ಸಹಾಯನೂ ತಗೋಬೇಡಿ. ನೀವೊಬ್ಬರೇ ಮಾಡಿ. ನಿಮ್ಮ ಮೇಲೆ ನನಗೆ ಇನ್ನೂ ನಂಬಿಕೆ ಇದೆ."