ಸೋರೂ ಗಾಳಿ, ಸಾಬೂನ ಗುಳ್ಳಿ

ದೊಡ್ಡ ಗಾಡಿಗೋಳಿಗೆ ಚಕ್ರದ ಮ್ಯಾಲ ಕಬ್ಬಿಣದ ಸ್ಪ್ರಿಂಗ್ ಬದಲಿ ಗಾಳಿ ತುಂಬಿದ ರಬ್ಬರ್ ಬಲೂನ್ ಇರ್ತಾವು. ಗಾಳಿ ಸೋರಿತಂದ್ರ ಗಾಡಿ ಒಂದು ಮಗ್ಗಲಾ ಕುಂತಬಿಡ್ತೈತಿ. ಎಲ್ಲಿ ಸೋರ್ತೈತಿ ಹುಡುಕೂದು ಉಣಕಲ್ಲಿನ ಗ್ಯಾರೇಜಿನಾಗ ನನ್ನ ಕೆಲಸ. ಎಂಜಿನ್ ಬಂದ್ ಮಾಡಿ ‘ಸ್ಸ್’ ಅನ್ನೂ ಸಪ್ಪಳ ಕೇಳೂದು, ಸಾಬೂನ ನೀರು ಹೊಡದು ಗುಳ್ಳಿ ಎಲ್ಲಿ ಏಳ್ತಾವ ನೋಡೂದು. ತ್ರಾಸ ಕೊಡೂದು ಗಾಳಿ ಅಲ್ಲ, ಗಾಡಿ ಸಂಗಾಟ ಬರೂ ಮಂದಿ.

ಒರಸೂ ಸಾಹೇಬ್ರು

ದೇಶಪಾಂಡೆ ನಗರದ ಸಾಹೇಬ್ರೊಬ್ರು ಇಂಥಾ ಬಲೂನ್ ಇರೂ ಹೊಸಾ ಭಾರಿ ಕಾರು ತಂದ್ರು. ನಾ ಸಾಬೂನ ನೀರು ಹೊಡದೆ. ಗುಳ್ಳಿ ಏಳೂದ್ರಾಗ ಅವರು ಅರಬಿ ತಗೊಂಡು ಒರಸಿಬಿಟ್ರು. ಮತ್ತ ಹೊಡದೆ, ಮತ್ತ ಒರಸಿದ್ರು.

“ಸಾಹೇಬ್ರ, ಗುಳ್ಳಿ ನೋಡಬೇಕ್ರಿ,” ಅಂದೆ.

“ನೋಡ್ರಿ ನೋಡ್ರಿ. ಬಣ್ಣಕ್ಕ ಕಲಿ ಬಿದ್ದೀತಂತ ಒರಸಾಕತ್ತೇನಿ.”

ಚಾ ಕುಡದು ಬರ್ರಿ ಅಂತ ಅವರನ್ನ ಕಳಿಸಿ, ಸೋರೂ ಜಾಗಾ ಹುಡುಕಿದೆ. ತಿರುಗಿ ಬಂದವರು ನೊರಿ ನೋಡಿ, “ನಾ ಇಲ್ಲದಾಗ ಎಷ್ಟ ಹೊಲಸ ಮಾಡೀರಿ,” ಅಂದ್ರು.

ಸಮಾ ಮಾಡಿದ್ದು

ಅಮರಗೋಳದ ಕಾಳಿನ ವ್ಯಾಪಾರಿ ಒಬ್ರದು ಟೂರಿಸ್ಟ್ ಬಸ್ ಇತ್ತು. ಬಲಕ್ಕ ವಾಲಾಕತ್ತಿತ್ತಂತ ಎಡಗಡೆ ಡಿಕ್ಕಿಯೊಳಗ ಕಡ್ಲಿ ಚೀಲ ಹೇರಿ ಓಡಿಸಿದ್ರು. ಕಡೀಕ ಎಡಗಡೆ ಬಲೂನೂ ಒಡೀತು.

“ಎರಡೂ ಹೋಗ್ಯಾವ್ರಿ,” ಅಂದೆ.

ಅವರು ದೂರ ನಿಂತು ಬಸ್ ನೋಡಿ, “ಆದ್ರ ಈಗ ಸಮಾ ಐತಲ್ರಿ?” ಅಂದ್ರು.

ಮದಿವಿ ಬಸ್

ಧಾರವಾಡಕ್ಕ ಹೊಂಟಿದ್ದ ಗಂಡಿನ ಕಡೆಯವರ ಬಸ್ಸು ನನ್ನ ಗ್ಯಾರೇಜಿನ ಮುಂದನ ಒಂದು ಮಗ್ಗಲಾ ಕುಂತಿತು. ಬಾಡಿ ಚಕ್ರಕ್ಕ ತಿಕ್ಕಿ ಮುಂದ ಹೋಗಾಕ ಬರಂಗಿರಲಿಲ್ಲ. ಮುಹೂರ್ತದ ಅಕ್ಕಿಕಾಳು ಬೀಳಾಕ ಇನ್ನ ತಾಸೊಪ್ಪತ್ತು ಅಷ್ಟ.

“ಮಿಸ್ತ್ರಿ, ಹೊತ್ತು ತಪ್ಪಿದ್ರ ಬೀಗರಿಗೆ ಹೆಂಗ ಮಾರಿ ತೋರಸೂದ್ರಿ?” ಅಂದ್ರು ಮದುಮಗನ ತಾಯಿ. ಆಕಿ ಮಾರಿ ನೋಡಿ ನನಗೂ ಕೆಟ್ಟನಿಸಿತು.

“ಎಲ್ಲಾರೂ ಸುಮ್ಮನಿರ್ರಿ, ಸಪ್ಪಳ ಕೇಳಬೇಕು,” ಅಂದೆ. ಪಾಪ, ಸುಮ್ಮನಾದ್ರು. ಬಸ್ಸಿನ ಕೆಳಗ ಹೊಕ್ಕು ಕಿವಿ ಕೊಟ್ಟೆ. ಎಡಕ್ಕ ಸ್ಸ್, ಬಲಕ್ಕ ಸ್ಸ್, ಹಿಂದ ಸ್ಸ್. ಇದೇನ ಬಸ್ಸೋ ಜರಡಿಯೋ ಅಂತ ಹೊರಗ ಬಂದು ನೋಡಿದ್ರ, ಅರ್ಧಾ ಮದಿವಿ ಮಂದಿ ಬಾಜೂ ತಳ್ಳೂಗಾಡಿದು ಬಿಸಿ ಮಿರ್ಚಿ ಭಜಿ ತಿಂದು ಖಾರಕ್ಕ ಸ್ಸ್ ಸ್ಸ್ ಅನ್ನಾಕತ್ತಿತ್ತು. ಸಿಟ್ಟು ನೆತ್ತಿಗೇರಿತು. ಎಲ್ಲಾರ್ನೂ ರಸ್ತೆದ ಆಚಿ ಕಡೆ ಅಟ್ಟಿ ಸಾಬೂನ ನೀರು ಹೊಡದೆ. ಬಲೂನಿಗೆ ಗಾಳಿ ಒಯ್ಯೂ ಪೈಪಿನ ತುದೀಗೆ ಗುಳ್ಳಿ ಎದ್ದುವು. ಸೀಳಿದ ತುದಿ ಕೊಯ್ದು ಮತ್ತ ಜೋಡಿಸಿ, ಎಂಜಿನ್ ಚಾಲೂ ಮಾಡಿ ಗಾಳಿ ತುಂಬಿದೆ. ಬಸ್ಸು ಎದ್ದು ನಿಂತಿತು.

ಖಾತ್ರಿ ಮಾಡ್ಕೊಳ್ಳಾಕ ಎಂಜಿನ್ ಬಂದ್ ಮಾಡಿದೆ. ಸ್ಸ್. ಮತ್ತ ಭಜಿ ಮಂದಿ ಬಂದ್ರೇನಂತ ಸುತ್ತಲೂ ನೋಡಿದೆ. ಮಂದಿ ಎಲ್ಲಾ ಆಚಿ ಕಡೇನ ಇದ್ರು. ಸಪ್ಪಳದ ಬೆನ್ನು ಹತ್ತಿ ಬಸ್ಸಿನಾಗ ಹೋದೆ, ಹಿಂದ ತಾಯಿನೂ ಬಂದ್ರು. ಅಕ್ಕಿಕಾಳು ಬೀಳೂತನಕ ಉಪವಾಸ ಇರಬೇಕಾದ ಮದುಮಗ ಬಾಸಿಂಗ ಕಟಗೊಂಡು ಕಡೇ ಸೀಟಿನಾಗ ಕುಂತಿದ್ದ. ಕಣ್ಣಾಗ ನೀರು, ಕೈಯಾಗ ಅರ್ಧಾ ಮಿರ್ಚಿ.

ತಾಯಿ ಅವನ್ನ ನೋಡಿದ್ರು, ನನ್ನ ನೋಡಿದ್ರು. “ಮಿಸ್ತ್ರಿ, ಇದನ್ನೂ ಅಷ್ಟ ಬಂದ್ ಮಾಡಿಕೊಡ್ರಿ,” ಅಂದ್ರು.